ಆಂಬ್ರೋಸ್ ಡೌಸಿಂಗ್ ರಸ್ತೆ ದಾಟಿದ್ದು

ನನ್ನ ಬ್ರೆಡ್ ಅಂಗಡಿಯ ಬಾಗಿಲಿಗೂ ಎದುರಿನ ಬ್ಯಾಂಕಿನ ಬಾಗಿಲಿಗೂ ನಡುವೆ ಇರುವುದು ಒಂದು ಕೆಸರು ರಸ್ತೆ, ಅಷ್ಟೆ. ಎತ್ತಿನ ಗಾಡಿಯವರು ಅಲ್ಲಿ ಗಾಡಿ ತಿರುಗಿಸಲು ಹೋಗಿ ನನ್ನ ಕಿಟಕಿಯ ಗಾಜನ್ನು ಎಷ್ಟು ಸಲ ಒಡೆದಿದ್ದಾರೋ ಲೆಕ್ಕವಿಲ್ಲ. ಅಂಥ ರಸ್ತೆಯನ್ನು ದಾಟಲು ನನ್ನ ತಂಗಿಯ ಗಂಡ ಆಂಬ್ರೋಸ್ ಡೌಸಿಂಗನಿಗೆ ಇಪ್ಪತ್ತು ವರ್ಷಕ್ಕೂ ಮೇಲೆ ಹಿಡಿಯಿತು. ಅವನ ವಿಷಯ ಬಂದರೆ ಊರಿನವರು "ಪಾಪ, ಒಳ್ಳೆ ಮನುಷ್ಯ" ಎಂದು ತಲೆಯಾಡಿಸುತ್ತಾರೆ. ಒಳ್ಳೆಯವನೇ, ಯಾರು ಇಲ್ಲವೆಂದರು? ಅಂಥ ಒಳ್ಳೆಯವನ ಜೊತೆ ಒಂದು ವರ್ಷ ಬಾಳಿ ನೋಡಲಿ, ಆಮೇಲೆ ತಲೆಯಾಡಿಸಲಿ.

ಟಸಕ್ ಫ್ಲ್ಯಾಟ್ ಎಂಬ ಈ ನಮ್ಮೂರಿನಲ್ಲಿ ಹುಟ್ಟಿದವರು ಯಾರೂ ಇಲ್ಲ. ಇಂಗ್ಲೆಂಡಿನಿಂದ ಹಡಗು ಹತ್ತಿ ನ್ಯೂಜಿಲೆಂಡಿಗೆ ಬಂದು, ಚಿನ್ನದ ಆಸೆಗೆ ಈ ಬೋಳು ಗುಡ್ಡಗಳನ್ನು ಏರಿದವರೇ ಎಲ್ಲ. ಆಂಬ್ರೋಸ್ ಲಿಂಕನ್‌ಶೈರಿನ ಜೌಗು ಸೀಮೆಯವನು. ಅಪ್ಪ ಕುದುರೆ ಜೀನು ಹೊಲಿಯುತ್ತಿದ್ದ. ಕಣ್ಣು ಮಂಜಾಗಿ ಕೆಲಸ ಹೋದಾಗ ಗಂಡ ಹೆಂಡತಿ ಇಬ್ಬರೂ ದಿಕ್ಕಿಲ್ಲದವರಿಗೆಂದು ಊರಿನವರು ನಡೆಸುವ ಬಡವರ ಮನೆ ಸೇರಬೇಕಾಯಿತು. ಅಲ್ಲಿ ಗಂಡಸರನ್ನು ಒಂದು ಕಡೆ, ಹೆಂಗಸರನ್ನು ಇನ್ನೊಂದು ಕಡೆ ಇಡುತ್ತಾರೆ. ಗೋಡೆಯ ಆಚೆ ಹೆಂಡತಿ ಕೆಮ್ಮುವುದನ್ನು ಕೇಳುತ್ತಲೇ ಅವನಪ್ಪ ಸತ್ತನಂತೆ. ಇದನ್ನು ಆಂಬ್ರೋಸ್ ನನಗೆ ಹೇಳಿದ್ದು ಒಂದೇ ಸಲ, ಅದೂ ಬೇರೆ ಕಡೆ ನೋಡಿಕೊಂಡು.

ಅವನು ಬಂದಾಗ ಇನ್ನೂ ಮೀಸೆ ಸರಿಯಾಗಿ ಮೂಡಿರಲಿಲ್ಲ. ಒಂದು ಬೇಸಿಗೆಯೆಲ್ಲ ಹೊಳೆಯಲ್ಲಿ ನಿಂತು ಚಿನ್ನದ ಪುಡಿಗಾಗಿ ಮಣ್ಣು ತೊಳೆದ. ಸಿಕ್ಕಿದ್ದು ಹಿಟ್ಟಿಗೂ ಸಾಲಲಿಲ್ಲ. ಇಲ್ಲಿ ಚಳಿಗಾಲ ಬರುವುದು ಜುಲೈ ತಿಂಗಳಲ್ಲಿ; ಆ ಹಿಮ ಬಿದ್ದಾಗ ಗುಡಾರದಲ್ಲಿ ಪಕ್ಕದಲ್ಲೇ ಮಲಗಿದ್ದ ಗೆಳೆಯ ಬೆಳಗ್ಗೆ ಏಳಲಿಲ್ಲ. ಆಂಬ್ರೋಸ್ ಗುಡ್ಡ ಇಳಿದು ನಮ್ಮ ಅಂಗಡಿಯ ಮುಂದೆ ಬಂದು ಸುಮ್ಮನೆ ನಿಂತ. ನನ್ನ ಗಂಡ ಜೇಬೆಜ್ ಒಂದು ಬಿಸಿ ಬ್ರೆಡ್ಡು ಕೊಟ್ಟ. ಅದನ್ನು ನಿಂತಲ್ಲೇ ಪೂರ್ತಿ ತಿಂದು ಹೊಟ್ಟೆ ನೋಯಿಸಿಕೊಂಡ. ಆಗ ಬ್ಯಾಂಕೆಂದರೆ ತಗಡಿನ ಚಾವಣಿಯ ಒಂದು ಶೆಡ್ಡು. ಕುಡಿಯದವನು, ಅಕ್ಷರ ದುಂಡಾಗಿ ಬರೆಯುವವನು ಬೇಕೆಂದು ಹುಡುಕುತ್ತಿದ್ದರು. ನಮ್ಮೂರಿನಲ್ಲಿ ಆ ಎರಡು ಗುಣ ಒಬ್ಬನಲ್ಲೇ ಸಿಗುವುದು ಅಪರೂಪ. ಹಾಗೆ ಅವನು ಚಿನ್ನ ತೂಗುವ ಗುಮಾಸ್ತನಾದ.

ಭಾನುವಾರ ನಮ್ಮ ಮನೆಗೆ ಚಹಾಕ್ಕೆ ಬರತೊಡಗಿದ. ಚಹಾ ನೆಪ, ಬರುತ್ತಿದ್ದದ್ದು ನನ್ನ ತಂಗಿ ಲೆಟಿಗಾಗಿ. ಬಾಗಿಲಲ್ಲಿ ನಿಂತು ಕೋಟಿನ ತೋಳಿನ ತುದಿಯನ್ನು ಎರಡು ಕಡೆಯೂ ಚೆನ್ನಾಗಿ ಕೊಡವಿಕೊಂಡೇ ಒಳಗೆ ಕಾಲಿಡುತ್ತಿದ್ದ.

"ಏನ್ರೀ ಮಿಸ್ಟರ್ ಡೌಸಿಂಗ್, ಕೊಡವ್ಕೊಂಡು ಬರೋಕೆ ನಮ್ಮನೆ ಏನು ಚರ್ಚಾ?" ಎಂದು ನಾನು ಕೇಳಿದೆ.

"ಅಭ್ಯಾಸ ಆಗ್ಬಿಟ್ಟಿದೆ ಕಣ್ರೀ. ತೋಳಿಗೆ ಚಿನ್ನದ ಪುಡಿ ಅಂಟಿರುತ್ತೆ. ಕೌಂಟರ್ ಬಿಟ್ಟು ಏಳೋವಾಗ ಕೊಡವಿ ಏಳ್ಬೇಕು ಅಂತ ರೂಲು. ಆ ಪುಡಿ ಬ್ಯಾಂಕಿಂದು."

ಲೆಟಿ ನಕ್ಕಳು. ಆಗ ಅವಳಿಗೆ ನಗು ತುಟಿಯಲ್ಲೇ ಇರುತ್ತಿತ್ತು. "ಹಾಗಾದ್ರೆ ಆ ತೋಳಲ್ಲಿ ನನ್ನ ಹಿಡ್ಕೊಂಡ್ರೆ ನಾನೂ ಬ್ಯಾಂಕಿನವಳಾಗ್ತೀನೇನೋ!"

ಅವನು ಕೆಂಪಾಗಿ ಹೋದ. ಹುಡುಗಿ ತಮಾಷೆಗೆ ಅಂದದ್ದೇ ನಿಜವಾಯಿತು. ಬ್ಯಾಂಕಿನಲ್ಲಿ ಇನ್ನೊಂದು ರೂಲಿತ್ತು. ವರ್ಷಕ್ಕೆ ನೂರೈವತ್ತು ಪೌಂಡು ಸಂಬಳ ಬರುವ ತನಕ ಗುಮಾಸ್ತ ಮದುವೆಯಾಗುವ ಹಾಗಿಲ್ಲ. ಮದುವೆಯಾದರೆ ಕೆಲಸ ಹೋದ ಹಾಗೆಯೇ. ಹೆಂಡತಿ ಮಕ್ಕಳಿರುವ ಬಡವ ಗಲ್ಲಾಪೆಟ್ಟಿಗೆಗೆ ಕೈ ಹಾಕುತ್ತಾನೆ ಎಂಬುದು ಡನೀಡಿನ್ ಪಟ್ಟಣದ ಮುಖ್ಯ ಕಚೇರಿಯ ಮಹಾನುಭಾವರ ನಂಬಿಕೆ. ಆಂಬ್ರೋಸನಿಗೆ ಬರುತ್ತಿದ್ದದ್ದು ತೊಂಬತ್ತು.

ನನಗೆ ಮೈಯೆಲ್ಲ ಉರಿಯಿತು. "ಬಿಟ್ಟಾಕ್ರೀ ಆ ಬ್ಯಾಂಕನ್ನ," ಎಂದೆ. "ಜೇಬೆಜ್‌ಗೆ ಸೊಂಟ ಹೋಗಿದೆ, ಹಿಟ್ಟು ನಾದೋಕೆ ಆಳು ಬೇಕು. ಮೇಲಿನ ಕೋಣೆ ಖಾಲಿ ಬಿದ್ದಿದೆ. ರಸ್ತೆ ದಾಟಿ ಬನ್ನಿ, ನಾಳೆನೇ ಮದುವೆ ಮಾಡ್ಕೊಳ್ಳಿ."

ಅವನು ಕಿಟಕಿಯಿಂದ ರಸ್ತೆಯನ್ನು ನೋಡಿದ. "ಚಿನ್ನ ಮುಗಿದು ಊರೇ ಖಾಲಿಯಾದ್ರೆ ಬ್ರೆಡ್ಡು ಯಾರು ತಿಂತಾರೆ ಡಾರ್ಕಸ್? ನಮ್ಮಪ್ಪ ಅಮ್ಮ ಗೋಡೆ ಆಚೆ ಒಬ್ರು ಈಚೆ ಒಬ್ರು ಸತ್ರು. ಲೆಟಿಗೆ ಆ ಗತಿ ತರಲ್ಲ ನಾನು. ಬ್ಯಾಂಕ್ ಇದ್ರೆ ಕೊನೇಗೆ ಪಿಂಚಣಿ ಇದೆ, ತಲೆ ಮೇಲೆ ಸೂರಿದೆ."

"ನಾನು ಕಾಯ್ತೀನಿ ಬಿಡೇ ಡಾರ್ಕಸ್," ಎಂದಳು ಲೆಟಿ. ಅವಳಿಗಾಗ ಇಪ್ಪತ್ತೊಂದು.

ಕಾದಳು. ಅವನ ಸಂಬಳ ನೂರ ನಲವತ್ತಕ್ಕೆ ಬಂದ ವರ್ಷ ಮುಖ್ಯ ಕಚೇರಿಯವರು ಮದುವೆಯ ಮಿತಿ ನೂರೈವತ್ತು ಇದ್ದದ್ದನ್ನು ಇನ್ನೂರಕ್ಕೆ ಏರಿಸಿದರು. ಅವತ್ತು ನಾನು ಹಿಟ್ಟಿನ ಕೈಯಲ್ಲೇ ರಸ್ತೆ ದಾಟಿ ಹೋಗಿ ಬ್ಯಾಂಕಿನ ಬಾಗಿಲಲ್ಲಿ ನಿಂತು ಬಾಯಿಗೆ ಬಂದ ಹಾಗೆ ಬೈದೆ. ಗಣಿಯವರೆಲ್ಲ ಚಪ್ಪಾಳೆ ಹೊಡೆದರು. ಆಂಬ್ರೋಸ್ ಮಾತ್ರ ತಕ್ಕಡಿಯಿಂದ ತಲೆ ಎತ್ತಲಿಲ್ಲ. ಲೆಟಿ ಮದುವೆಗೆಂದು ಹೊಲಿದಿಟ್ಟ ಬಿಳಿ ಹಾಸಿಗೆ ಬಟ್ಟೆಗಳು ಪೆಟ್ಟಿಗೆಯಲ್ಲೇ ಹಳದಿಯಾದವು. ಒಗೆದು ಇಟ್ಟಳು. ಮತ್ತೆ ಹಳದಿಯಾದವು. ಕುರಿ ಸಾಕುವ ಒಬ್ಬ ಒಳ್ಳೆಯ ಹುಡುಗ ಕೇಳಿಕೊಂಡು ಬಂದು, ಚಹಾ ಕುಡಿದು, ಬೇರೆ ಊರಿನ ಹುಡುಗಿಯನ್ನು ಕಟ್ಟಿಕೊಂಡ. ನನ್ನ ಜೇಬೆಜ್ ತೀರಿಕೊಂಡ. ಹನ್ನೊಂದು ವರ್ಷ ಕಳೆದ ಮೇಲೆ ಹಳೆಯ ಮ್ಯಾನೇಜರು ಕುದುರೆಯಿಂದ ಬಿದ್ದು ಸತ್ತದ್ದರಿಂದ ಆಂಬ್ರೋಸನಿಗೆ ಆ ಕುರ್ಚಿ ಸಿಕ್ಕಿತು, ಅಂತೂ ಮದುವೆಯಾಯಿತು. ಚರ್ಚಿನಲ್ಲಿ ಮದುಮಗ ನಿಂತಲ್ಲೇ ತೂಕಡಿಸಿದ.

ತೂಕಡಿಸದೆ ಏನು ಮಾಡಿಯಾನು? ಬ್ಯಾಂಕಿನ ಮನುಷ್ಯ ಬ್ಯಾಂಕಿನಲ್ಲೇ ಮಲಗಬೇಕು. ಕೆಳಗೆ ತಿಜೋರಿ, ಮೇಲೆ ಹಾಸಿಗೆ, ದಿಂಬಿನ ಕೆಳಗೆ ಪಿಸ್ತೂಲು, ಕೊರಳಲ್ಲಿ ಬೀಗದ ಕೈ. ಇಲಿ ಓಡಿದರೂ ಎದ್ದು ಕೂರುತ್ತಿದ್ದ. ಬೀಗದ ಕೈ ಕೊರಳಲ್ಲಿ ಇರುವುದರಿಂದ ಊರು ಬಿಟ್ಟು ಎಲ್ಲೂ ಹೋಗುವ ಹಾಗಿಲ್ಲ. ಲೆಟಿ ಒಂದು ಸಲ ಸಮುದ್ರ ನೋಡಿ ಬರೋಣ ಎಂದು ಕೇಳಿ ಕೇಳಿ ಸುಮ್ಮನಾದಳು. ಒಂದೇ ಒಂದು ಮಗು ಹುಟ್ಟಿತು, ಗಂಡು. ಉಸಿರಾಡಲಿಲ್ಲ. ಇನ್ನು ಬೇರೆ ಮಗುವಿನ ಆಸೆ ಬೇಡ, ಇದೇ ಐದಾರು ವರ್ಷದ ಹಿಂದೆ ಆಗಿದ್ದರೆ ಚೆನ್ನಾಗಿತ್ತು ಎಂದು ಡಾಕ್ಟರು ಕೈ ತೊಳೆಯುತ್ತ ಹೇಳಿದ. ಆಂಬ್ರೋಸ್ ಅಲ್ಲೇ ನಿಂತಿದ್ದ. ಅವತ್ತಿನಿಂದ ಲೆಟಿ ಅವನನ್ನು ಕೀಟಲೆ ಮಾಡುವುದನ್ನು ಬಿಟ್ಟಳು. ಅವಳ ಕೀಟಲೆಯಿಲ್ಲದೆ ಆ ಮನೆ ಎಷ್ಟು ಬಿಕೋ ಎನ್ನುತ್ತಿತ್ತೆಂದರೆ, ಅಲ್ಲಿಗೆ ಹೋಗಿ ಬಂದಾಗಲೆಲ್ಲ ನನಗೆ ಅಳು ಬರುತ್ತಿತ್ತು.

ಹೀಗೇ ಹನ್ನೆರಡು ವರ್ಷ ಸವೆದವು. ಚಿನ್ನ ತೆಳುವಾಯಿತು, ಆಂಬ್ರೋಸನ ಕೂದಲೂ ತೆಳುವಾಯಿತು. ಆಗ ಬಂದವನು ವಿಲ್ಫ್ರೆಡ್ ಟಾಪ್ಲಿಸ್, ಬ್ಯಾಂಕಿನ ಹೊಸ ಗುಮಾಸ್ತ. ನೋರಾ ಎಂಬ ಐರಿಷ್ ಹುಡುಗಿ ನನ್ನ ಅಂಗಡಿಯಲ್ಲಿ ಕೆಲಸಕ್ಕಿದ್ದಳು, ನನ್ನ ಮೇಲಿನ ಕೋಣೆಯಲ್ಲೇ ಇದ್ದಳು. ಈ ಇಬ್ಬರೂ ಯಾರಿಗೂ ಹೇಳದೆ ಪಕ್ಕದ ಊರಿನ ಪಾದ್ರಿಯ ಹತ್ತಿರ ಹೋಗಿ ಮದುವೆಯಾಗಿ ಬಂದರು. ವಿಲ್ಫ್ರೆಡನ ಸಂಬಳ ನೂರು. ನನಗೆ ಹೇಳಿದಾಗ ತಬ್ಬಿಕೊಂಡು ಮುತ್ತು ಕೊಟ್ಟೆ, ಆಮೇಲೆ ಇಬ್ಬರಿಗೂ ಚೆನ್ನಾಗಿ ಬೈದೆ. ಕೆಲವು ತಿಂಗಳಲ್ಲಿ ನೋರಾಳ ಹೊಟ್ಟೆ ಮುಚ್ಚಿಡಲಾಗದಷ್ಟು ಮುಂದೆ ಬಂತು.

ಆಂಬ್ರೋಸ್ ದಡ್ಡನಲ್ಲ. ಒಂದು ದಿನ ಬ್ರೆಡ್ಡು ಕೊಳ್ಳಲು ತಾನೇ ಬಂದ. "ಡಾರ್ಕಸ್, ವಿಲ್ಫ್ರೆಡ್ ದಿನಾ ಬೆಳಿಗ್ಗೆ ನಿಮ್ಮ ಹಿತ್ತಲ ಬಾಗಿಲಿಂದ ಆಚೆ ಬರ್ತಾನೆ."

"ಬ್ರೆಡ್ಡಿಗೆ ಬರ್ತಾನೆ."

"ಬ್ರೆಡ್ಡು ಮುಂದಿನ ಬಾಗಿಲಲ್ಲಿ ಮಾರ್ತೀರಿ."

ನಾನು ಚಾಕು ಕೆಳಗಿಟ್ಟೆ. "ಹೂಂ ಕಣ್ರೀ, ಮದುವೆಯಾಗಿದ್ದಾರೆ. ಏನ್ಮಾಡ್ತೀರಿ ಈಗ? ಬಸುರಿ ಹೆಂಗಸನ್ನ ಹಿಮದಲ್ಲಿ ಬೀದಿಗೆ ಹಾಕ್ತೀರಾ?"

"ತಿಳಿಸ್ಬೇಕು ಅಂತ ರೂಲಿದೆ," ಎಂದ. ಅಷ್ಟು ದಣಿದ ದನಿಯನ್ನು ನಾನು ಎಲ್ಲೂ ಕೇಳಿಲ್ಲ. "ತಿಳಿಸ್ದೆ ಇದ್ರೆ ನನ್ನ ಕೆಲ್ಸ, ಪಿಂಚಣಿ, ಮನೆ ಎಲ್ಲಾ ಹೋಗುತ್ತೆ. ಮುಂದಿನ ವಾರ ಮುಖ್ಯ ಕಚೇರಿಯ ಇನ್‌ಸ್ಪೆಕ್ಟರ್ ಬರ್ತಿದ್ದಾರೆ."

ಲೆಟಿಗೂ ವಿಷಯ ಗೊತ್ತಿತ್ತು. ನೋರಾಳ ಕೂಸಿಗೆ ಅಂಗಿ ಹೊಲಿಯುತ್ತಿದ್ದಳು. "ಆಂಬ್ರೋಸ್‌ಗೆ ಒಂದು ಮಾತು ಹೇಳೇ, ನೀನು ಹೇಳಿದ್ರೆ ಕೇಳ್ತಾನೆ," ಎಂದೆ. ಅವಳು ದಾರವನ್ನು ಹಲ್ಲಿನಿಂದ ಕಡಿದಳು. "ನಾನ್ಯಾಕೆ ಹೇಳ್ಲಿ? ನನಗೋಸ್ಕರ ಯಾರು ಹೇಳಿದ್ರು?" ಎಂದು ಮತ್ತೆ ಹೊಲಿಗೆಗೆ ತಲೆ ಬಗ್ಗಿಸಿದಳು.

ಇನ್‌ಸ್ಪೆಕ್ಟರ್ ಮಿಸ್ಟರ್ ಗಿಲ್‌ಫಿಲನ್ ಬಂದರು. ಸ್ಕಾಟ್ಲೆಂಡಿನವರು, ಒಣಗಿದ ಮನುಷ್ಯ. ತಪಾಸಣೆ ಮುಗಿದ ಮೇಲೆ ಬ್ಯಾಂಕಿನ ಮಹಡಿಯಲ್ಲಿ ಊಟ. ಲೆಟಿಯ ಕೈಗೆ ನೆರವಾಗಲೆಂದು ನಾನೂ ಹೋಗಿದ್ದೆ. ಕುರಿಮಾಂಸ ಬಡಿಸಿದ್ದಾಗಿತ್ತು, ಲೆಟಿ ಆಲೂಗಡ್ಡೆಯ ಪಾತ್ರೆ ಹಿಡಿದು ನಿಂತಿದ್ದಳು.

"ನಿಮ್ಮ ಗುಮಾಸ್ತ ಟಾಪ್ಲಿಸ್," ಎಂದರು ಇನ್‌ಸ್ಪೆಕ್ಟರು, ಬಾಯಿ ಒರೆಸಿಕೊಳ್ಳುತ್ತ. "ಬ್ರಹ್ಮಚಾರಿ ಅಲ್ವಾ? ಬೆಳಿಗ್ಗೆ ತುಂಬು ಬಸುರಿಯೊಬ್ಬಳ ಬಕೆಟ್ ಹೊತ್ಕೊಂಡು ಹೋಗ್ತಿದ್ದ, ನೋಡ್ದೆ."

ಆಂಬ್ರೋಸ್ ತಟ್ಟೆಯನ್ನು ನೋಡುತ್ತ ಕುಳಿತ. ಒಂದು "ಗೊತ್ತಿಲ್ಲ" ಎಂದಿದ್ದರೆ ಅವನು ಬಚಾವ್, ಆ ಇಬ್ಬರು ಬೀದಿಪಾಲು.

"ಅವನ ಹೆಂಡ್ತಿ," ಎಂದ ಆಂಬ್ರೋಸ್. "ಮದುವೆಗೆ ನಾನೇ ಒಪ್ಪಿಗೆ ಕೊಟ್ಟೆ."

"ಯಾರ ಅಧಿಕಾರದ ಮೇಲೆ?"

"ನನ್ನದೇ."

"ಮ್ಯಾನೇಜರಿಗೆ ಆ ಅಧಿಕಾರ ಇಲ್ಲ. ರೂಲು ನಿಮಗೆ ಗೊತ್ತಿಲ್ವಾ?"

"ಗೊತ್ತು ಸಾರ್. ಈ ದೇಶದಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ."

ಲೆಟಿ ಆಲೂಗಡ್ಡೆಯ ಪಾತ್ರೆಯನ್ನು ಮೇಜಿನ ಮೇಲಿಟ್ಟಳು. ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಹಿಂದೆಯೇ ಹೋದೆ. ಅವನ ಮೇಲೆ ಅಷ್ಟು ವರ್ಷಗಳಿಂದ ಇದ್ದ ಸಿಟ್ಟೆಲ್ಲ ನನಗೆ ಆ ಗಳಿಗೆಯಲ್ಲಿ ಇಳಿದುಹೋಗಿತ್ತು. "ಕೇಳಿದ್ಯೇನೇ? ಎಂಥ ಗಂಡಸು ಕಣೇ ನಿನ್ನ ಗಂಡ!" ಎಂದೆ.

ಲೆಟಿಯ ಮುಖ ಬೆಳ್ಳಗಾಗಿತ್ತು. "ಕೇಳಿದೆ. ಯಾರೋ ನಿನ್ನೆ ಬಂದ ಹುಡುಗಿಗೋಸ್ಕರ ರೂಲು ಮುರಿಯೋಕೆ ಆಯ್ತು. ನನಗೋಸ್ಕರ ಆಗ್ಲಿಲ್ಲ."

ಆಲೂಗಡ್ಡೆ ಬಡಿಸಲು ನಾನೇ ಹೊರಗೆ ಹೋದೆ.

ಒಪ್ಪಿಗೆ ಕೊಟ್ಟ ತಪ್ಪು ಮ್ಯಾನೇಜರನದು ಎಂದಾದ್ದರಿಂದ ವಿಲ್ಫ್ರೆಡನ ಕೆಲಸ ಉಳಿಯಿತು. ತಿಂಗಳೊಳಗೆ ಆಂಬ್ರೋಸನದು ಹೋಯಿತು; ಪಿಂಚಣಿಯಿಲ್ಲ, ಮನೆ ಖಾಲಿ ಮಾಡಬೇಕು. ಎಲ್ಲಿಗೆ ಹೋಗುತ್ತಾರೆ? ನಾನು ಹೋಗಿ ತಳ್ಳುಗಾಡಿ ತಂದೆ. ಅವರ ಸಾಮಾನೆಲ್ಲ ಎರಡು ಸಲದಲ್ಲಿ ಮುಗಿಯಿತು. ಲೆಟಿ ಟೀಪಾಟನ್ನು ತಾನೇ ಹಿಡಿದುಕೊಂಡು ರಸ್ತೆ ದಾಟಿದಳು. ಅವನ ಜೊತೆ ಅವಳು ಇಡೀ ತಿಂಗಳು ಮಾತಾಡಿರಲಿಲ್ಲ. ಮೇಲಿನ ಕೋಣೆಯಲ್ಲಿ ಬಾಣಂತಿ ನೋರಾ ಇದ್ದದ್ದರಿಂದ ಭಟ್ಟಿಯ ಹಿಂದಿನ ಹಿಟ್ಟಿನ ಕೋಣೆಯಲ್ಲೇ ಇವರಿಗೆ ಹಾಸಿಗೆ ಹಾಕಿಕೊಟ್ಟೆ. ಅಲ್ಲಿ ಬೆಚ್ಚಗಿರುತ್ತದೆ.

ಮರುದಿನ ಬೆಳಗ್ಗೆ ಬ್ರೆಡ್ಡು ತೆಗೆದಾಯಿತು, ಮೊದಲ ಗಿರಾಕಿಗಳು ಬಂದು ಹೋದರು, ಕಿಟಕಿಗೆ ಬಿಸಿಲು ಬಂತು. ಆಂಬ್ರೋಸ್ ಏಳಲಿಲ್ಲ. ಲೆಟಿ ಹೋಗಿ ಇಣುಕಿ ಬಂದಳು. ಸ್ವಲ್ಪ ಹೊತ್ತಿಗೆ ಇನ್ನೊಂದು ಸಲ ಹೋಗಿ ಬಂದಳು.

"ಬದುಕಿದ್ದಾನೇನೇ?" ಎಂದೆ.

"ಗೊರಕೆ ಹೊಡೀತಿದ್ದಾನೆ," ಎಂದಳು. "ಮದುವೆಯಾದಾಗಿಂದ ಒಂದಿನಾನೂ ಗೊರಕೆ ಹೊಡ್ದಿಲ್ಲ ಕಣೇ." ಹಿಟ್ಟನ್ನು ಎತ್ತಿ ಹಲಗೆಗೆ ಬಡಿದು ನಾದತೊಡಗಿದಳು.

ಬಹಳ ಹೊತ್ತಾದ ಮೇಲೆ ಅವನು ಎದ್ದು ಬಂದ. ಕೂದಲು ಕೆದರಿತ್ತು, ಕೆನ್ನೆಯ ಮೇಲೆ ಹಿಟ್ಟಿನ ಮೂಟೆಯ ಅಚ್ಚು ಬಿದ್ದಿತ್ತು. ಬಾಗಿಲಲ್ಲಿ ನಿಂತು ತೋಳಿನ ತುದಿ ಕೊಡವಿಕೊಂಡ, ಒಂದು ಕಡೆ, ಇನ್ನೊಂದು ಕಡೆ.

ಲೆಟಿಯ ಕೈ ನಿಂತಿತು. ಅವಳು ಕಿಟಕಿಯಿಂದ ಆಚೆ ಬ್ಯಾಂಕಿನ ಬಾಗಿಲನ್ನು ನೋಡಿದಳು, ಆಮೇಲೆ ಅವನನ್ನು.

"ಇಷ್ಟೇನಾ ಆಂಬ್ರೋಸ್?" ಎಂದಳು. "ಮದುವೆಯಾಗ್ದೆ ಹನ್ನೊಂದು ವರ್ಷ ನಾವು ಹೆದರ್ಕೊಂಡು ಕೂತಿದ್ದು ಇದಕ್ಕೇನಾ? ಈ ರಸ್ತೆ ದಾಟೋದಕ್ಕಾ?"

ಅವನೂ ಕಿಟಕಿಯಾಚೆ ನೋಡಿದ. "ಹೂಂ ಲೆಟಿ," ಎಂದ. "ಇಷ್ಟೇ ಇದ್ದಿದ್ದು."

ಮೇಲೆ ನೋರಾಳ ಕೂಸು ಅಳತೊಡಗಿತು. ಮೂವರೂ ತಲೆ ಎತ್ತಿ ಚಾವಣಿಯನ್ನು ನೋಡಿದೆವು. ಆಮೇಲೆ ಲೆಟಿ ಹಿಟ್ಟನ್ನು ಎರಡು ಭಾಗ ಮಾಡಿ ಒಂದನ್ನು ಅವನ ಕಡೆಗೆ ತಳ್ಳಿದಳು. ಅವನು ಕೋಟು ಬಿಚ್ಚಿಟ್ಟು ನಾದಲು ನಿಂತ.