ರುಚಿ ಹೋದ ಅಡಿಗೆಯವರು

ಸೂರತ್ ಪಕ್ಕದ ಉಧ್ನಾದ ನಮ್ಮ ಮೆಸ್ಸಿನ ಅಡಿಗೆ ಕಾಕಾಗೆ ಟೈಫಾಯಿಡ್ ಆದಮೇಲೆ ನಾಲಿಗೆಗೆ ರುಚಿಯೇ ತಿಳಿಯುತ್ತಿರಲಿಲ್ಲ. ಅದು ಅವರ ಕೈಕೆಳಗೆ ಕೆಲಸಕ್ಕಿದ್ದ ನನಗೊಬ್ಬನಿಗೇ ಗೊತ್ತಿತ್ತು. ಹಬ್ಬಕ್ಕೆ ಹೊಸ ಸಿಹಿ ಆರಿಸಲು ಮ್ಯಾನೇಜರ್ ಒಂದು ಭಾನುವಾರ ನಮ್ಮಿಬ್ಬರನ್ನೂ ಸೂರತ್ ಸುತ್ತಿಸಿದರು. ಮಿಠಾಯಿ ಅಂಗಡಿಯಾಗಲಿ, ಊಟದ ಖಾನಾವಳಿಯಾಗಲಿ, ಕಾಕಾ ನನ್ನ ಮುಖ ನೋಡಿ, "ಹೆಂಗೈತಿ ತಮ್ಮಾ?" ಎಂದು ಮೆಲ್ಲಗೆ ಕೇಳುತ್ತಿದ್ದರು. ನಾನು ಹೇಳಿದ್ದನ್ನೇ ಮ್ಯಾನೇಜರ್‌ಗೆ ಗಟ್ಟಿಯಾಗಿ ಹೇಳುತ್ತಿದ್ದರು.

ಸಂಜೆಗೆ ನನಗೆ ಬೇಸರ ಬಂದಿತ್ತು. ಕೊನೆಯ ಅಂಗಡಿಯಲ್ಲಿ ಗಟ್ಟಿ ಹಾಲಿನ ಬಾಸುಂದಿ ಕೊಟ್ಟಾಗ ಚೇಷ್ಟೆಗೆ, "ಬಾಸುಂದಿ ಹುಳಿ ಆಗೇತಿ," ಎಂದು ಪಿಸುಗುಟ್ಟಿದೆ. ಕಾಕಾ ಒಂದು ಗುಟುಕು ಕುಡಿದು, ಹುಳಿ ಮಾಲು ಮಾರುತ್ತೀಯಾ ಎಂದು ಅಂಗಡಿಯವನನ್ನು ಬೈದರು.

ಮ್ಯಾನೇಜರ್ ತಮ್ಮ ಬಟ್ಟಲು ಕೆಳಗಿಟ್ಟರು. "ಜೇನಿನಂಗೈತಲ್ರೀ ಇದು. ನಾಲಿಗಿ ಊರಾಗ ಬಿಟ್ಟು ಬಂದೀರೇನು?"

ಕಾಕಾ ನನ್ನ ಹೆಸರು ಹೇಳಲಿಲ್ಲ. ಸೋಮವಾರ ಮೆಸ್ಸಿನಲ್ಲಿ ಬೇರೆಯವನು ಒಲೆ ಹಚ್ಚಿದ.