ಸೀಲು ಬೀಳುವ ಮೊದಲು ಅಮ್ಮ ಹೇಳಿದ್ದು

ಅಮೆರಿಕದಲ್ಲಿರುವ ನನ್ನ ಗೆಳತಿ ತಾಯಿಯನ್ನು ಸಾಕುತ್ತಿದ್ದಾಳೆಂದು ಅಲ್ಲಿನ ಸರ್ಕಾರ ಅವಳಿಗೆ ತೆರಿಗೆಯಲ್ಲಿ ಒಂದಿಷ್ಟು ಬಿಡುತ್ತದಂತೆ. ಅಬುಧಾಬಿಯಲ್ಲಿ ನಮ್ಮ ಸಂಬಳಕ್ಕೆ ತೆರಿಗೆಯೇ ಇಲ್ಲ, ಇನ್ನು ಬಿಡುವುದೇನು ಮಣ್ಣು? ಇಲ್ಲಿ ತಾಯಿ ನಮ್ಮ ಅವಲಂಬಿತೆ ಎಂದು ಕಾಗದದಲ್ಲಿ ತೋರಿಸಿದರೆ ಸಿಗುವುದು ಒಂದು ವರ್ಷದ ವೀಸಾ. ನನಗೆ ಅದೇ ಬೇಕಿತ್ತು.

ಅಪ್ಪ ಹೋದ ಮೇಲೆ ಅಮ್ಮನ ಮನೆಖರ್ಚು, ಔಷಧಿ, ಕಣ್ಣಿನ ಆಪರೇಷನ್ ಎಲ್ಲ ನೋಡಿದ್ದು ನಾನು, ಒಬ್ಬ ನರ್ಸು. ಮೂವರು ಅಣ್ಣಂದಿರು ಹಬ್ಬಕ್ಕೆ ಫೋನು ಮಾಡುತ್ತಿದ್ದರು. ವಿಸಿಟ್ ವೀಸಾದಲ್ಲಿ ಬಂದಿದ್ದ ಅಮ್ಮನಿಗೆ ಇಲ್ಲಿರಲು ಇನ್ನು ಹತ್ತೇ ದಿನ ಉಳಿದಿತ್ತು. ಇವರನ್ನು ನೋಡಿಕೊಳ್ಳುವುದು ಮಗಳೊಬ್ಬಳೇ ಎಂಬ ಪ್ರಮಾಣಪತ್ರವನ್ನು ಎಲೆಕ್ಟ್ರಾ ಸ್ಟ್ರೀಟಿನ ಟೈಪಿಂಗ್ ಸೆಂಟರಿನಲ್ಲಿ ಬರೆಸಿ, ಸೀಲು ಹಾಕಿಸಲು ನಮ್ಮ ದೇಶದ ರಾಯಭಾರ ಕಚೇರಿಗೆ ಅಮ್ಮನನ್ನೂ ಕರೆದುಕೊಂಡು ಹೋದೆ.

ಕೌಂಟರಿನಲ್ಲಿದ್ದವರು ನಮ್ಮ ಉಡುಪಿ ಕಡೆಯವರು. ಊರು ಕೇಳಿದರು, ಆರೋಗ್ಯ ಕೇಳಿದರು, ಆಮೇಲೆ ನಿಮ್ಮನ್ನು ನೋಡಿಕೊಳ್ಳುವುದು ಯಾರಮ್ಮ ಎಂದರು. ಅಮ್ಮ ಸೆರಗು ಸರಿಮಾಡಿಕೊಂಡು, ತನಗೆ ಮೂರು ಗಂಡುಮಕ್ಕಳಿದ್ದಾರೆ, ಮೂವರೂ ಒಳ್ಳೆಯ ಕೆಲಸದಲ್ಲಿದ್ದಾರೆ, ತನ್ನನ್ನು ರಾಣಿಯ ಹಾಗೆ ನೋಡಿಕೊಳ್ಳುತ್ತಾರೆ ಎಂದುಬಿಟ್ಟಳು. ಊರಿನವರ ಎದುರು ಮನೆಯ ಮರ್ಯಾದೆ ಕಳೆಯುವುದುಂಟೇ! ಅವರು ಸೀಲು ಹಾಕದೆ ಕಾಗದವನ್ನು ನನ್ನ ಕಡೆಗೆ ಸರಿಸಿದರು.

ಟ್ಯಾಕ್ಸಿಯಲ್ಲಿ ನಾನು ಉರಿದುಬಿದ್ದೆ. ರಾಣಿಯನ್ನು ಕರೆದೊಯ್ಯಲು ರಾಜಕುಮಾರರು ವಿಮಾನ ಕಳಿಸುತ್ತಾರಂತೆಯೇ ಎಂದು ಕೇಳಿದೆ. ಗಂಡುಮಕ್ಕಳಿದ್ದೂ ಮಗಳ ಮನೆಯಲ್ಲಿ ಉಣ್ಣುವವಳು ಎಂದು ಬರೆಸಿಕೊಳ್ಳಲು ಅಮ್ಮನಿಗೆ ನಾಚಿಕೆ, ಅದು ನನಗೂ ಗೊತ್ತಿತ್ತು. ಗೊತ್ತಿದ್ದರೂ ನೋವಾಯಿತು. ಮೂರು ದಿನ ನಮ್ಮಿಬ್ಬರ ನಡುವೆ ಮಾತಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಅಮ್ಮ ತಾನೇ ಒಳ್ಳೆಯ ಸೀರೆಯುಟ್ಟು, ಹೋಗುವ ಎಂದಳು. ಅದೇ ಕೌಂಟರು, ಅದೇ ಮನುಷ್ಯ. ನಮ್ಮ ಹಿಂದಿನ ಸಾಲಿನಲ್ಲಿ ಅರ್ಧ ಮಂಗಳೂರೇ ಇತ್ತು. ಕೌಂಟರಿನವರು ಕೇಳುವ ಮೊದಲೇ ಅಮ್ಮ ಎಲ್ಲರಿಗೂ ಕೇಳುವಂತೆ ಶುರುಮಾಡಿದಳು.

“ಮೊನ್ನೆ ನಾನು ಸುಳ್ಳು ಹೇಳಿದ್ದು ಮಾರಾಯ್ರೆ. ಗಂಡುಮಕ್ಕಳು ಇದ್ದಾರೆ, ಇಲ್ಲ ಅಂತ ಅಲ್ಲ. ಆದರೆ ನನ್ನನ್ನು ಸಾಕುವುದು ಇವಳು. ಇವಳ ಅಪ್ಪ ಹೋದ ಲಾಗಾಯ್ತು ಇವಳೇ. ಹಾಗೇ ಬರೆದುಕೊಳ್ಳಿ.”

ಅವರು ಮತ್ತೇನೂ ಕೇಳಲಿಲ್ಲ. ಸೀಲು ಬಿತ್ತು. ಹೊರಡುವಾಗ ಅಮ್ಮ ಸಾಲಿನಲ್ಲಿದ್ದ ಗುರುತಿಲ್ಲದ ಹೆಂಗಸೊಬ್ಬಳ ತೋಳು ಮುಟ್ಟಿ, “ಇವಳು ನನ್ನ ಮಗಳು” ಎಂದಳು.