ಅಪ್ಪನ ಉಂಗುರ ಕಾಯುತ್ತಿದ್ದ ಭಾನುವಾರಗಳು

ಇವತ್ತು ಘಾಟ್ಕೋಪರ್‌ನ ನಮ್ಮ ಬಿಲ್ಡಿಂಗ್ ಕೆಳಗೆ ಮೆಕ್ಯಾನಿಕ್ ಕಾರಿನ ಬಾನೆಟ್ ಎತ್ತಿದ. ಬ್ಯಾಟರಿಯ ತುದಿಗಳಲ್ಲಿ ಅದೇ ಬಿಳಿ ಪುಡಿ, ಅದೇ ಹುಳಿ ವಾಸನೆ.

ನಾನು ಚಿಕ್ಕವಳಾಗಿ ಆಂಟಾಪ್ ಹಿಲ್‌ನಲ್ಲಿದ್ದಾಗ ಅಪ್ಪ ಭಾನುವಾರ ತಮ್ಮ ಗಾಡಿಯ ಬ್ಯಾಟರಿಯ ಆ ಪುಡಿಗೆ ಬಿಸಿನೀರು ಹಾಕಿ ಹಳೇ ಟೂತ್‌ಬ್ರಷ್‌ನಿಂದ ಉಜ್ಜುತ್ತಿದ್ದರು. ಅದಕ್ಕೂ ಮೊದಲು ಮದುವೆಯ ಉಂಗುರ ಬಿಚ್ಚಿ ನನ್ನ ಹೆಬ್ಬೆರಳಿಗೆ ಹಾಕುತ್ತಿದ್ದರು.

“ಇದು ಬ್ಯಾಟರಿಗೆ ತಗುಲಿದ್ರೆ ಬೆರಳು ಸುಟ್ಟುಹೋಗತ್ತೆ ಪುಟ್ಟಿ. ನೀನೇ ಜೋಪಾನ ಮಾಡು.”

“ರೀ, ಮಗು ಕೈಗೆ ಚಿನ್ನ ಕೊಡ್ತೀರಲ್ಲ, ಗಟಾರಕ್ಕೆ ಬಿದ್ರೆ?” ಅಮ್ಮ ಕಿಟಕಿಯಿಂದ ಕೂಗುತ್ತಿದ್ದಳು.

“ಅವಳು ಬೀಳಿಸಲ್ಲ ಕಣೇ.”

ನಾನು ಮುಷ್ಟಿ ಬಿಗಿಹಿಡಿದು, ಸೊಳ್ಳೆ ಕಚ್ಚಿದರೂ ಅಲುಗದೆ ನಿಲ್ಲುತ್ತಿದ್ದೆ. ಅಷ್ಟು ನಂಬಿಕೆಯನ್ನು ಆಮೇಲೆ ಯಾರೂ ನನ್ನ ಮೇಲೆ ಇಟ್ಟಿಲ್ಲ.

ಇವತ್ತು ಮೆಕ್ಯಾನಿಕ್ ಕೂಡ ಮೊದಲು ಉಂಗುರ ಬಿಚ್ಚಿದ. ನನಗೇ ಗೊತ್ತಿಲ್ಲದೆ ಕೈ ಚಾಚಿದ್ದೆ. ಅವನು ನನ್ನನ್ನೊಮ್ಮೆ ನೋಡಿ, ಅದನ್ನು ತನ್ನ ಜೇಬಿಗೆ ಹಾಕಿಕೊಂಡ.